ಫಾರ್ಮಸಿ ವಿದ್ಯಾರ್ಥಿಗಳಿಗೆ ಸಿಮ್ಯುಲೇಷನ್ ಪಾಠ: ಪದೇ ಪದೇ ಕೇಳುವ ಪ್ರಶ್ನೆಗಳು

ಫಾರ್ಮಸಿ ಪ್ರಾಕ್ಟೀಸ್, ಅಂದರೆ ರೋಗಿಯ ಜೊತೆ ನಡೆಯುವ ಔಷಧಿ ಕೆಲಸ, ಕಲಿಸುವವರಿಗೆ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ವಿದ್ಯಾರ್ಥಿಗಳು ಕಾರಿಡಾರ್‌ನಲ್ಲಿ ನಿಲ್ಲಿಸಿ ಕೇಳುತ್ತಾರೆ. ಹೊಸದಾಗಿ ಸೇರಿದ ಮೇಷ್ಟ್ರುಗಳು ಪತ್ರ ಬರೆಯುತ್ತಾರೆ. ಮೆಡಿಕಲ್ ಶಾಪ್ ನಡೆಸುವವರೂ ಕೇಳುತ್ತಾರೆ. ಅಂಥ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರುವಿನ ಪ್ರಶ್ನೆಗಳು

"ಸಿಮ್ಯುಲೇಷನ್ ಅಂದ್ರೆ ಏನು? ಸುಮ್ನೆ ನಾಟಕ ಆಡಿಸೋದಾ?"

ನಾಟಕದ ಅಂಶ ಇದೆ, ನಿಜ. ಆದರೆ ನಾಟಕದಲ್ಲಿ ಎಲ್ಲರ ಮಾತೂ ಮೊದಲೇ ಬರೆದಿರುತ್ತದೆ. ಇಲ್ಲಿ ವಿದ್ಯಾರ್ಥಿ ಏನು ಹೇಳುತ್ತಾನೆ, ಯಾವ ಡಬ್ಬಿಗೆ ಕೈ ಹಾಕುತ್ತಾನೆ ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ನಿಜವಾದ ಕೆಲಸದ ಒಂದು ತುಣುಕನ್ನು ಕಾಲೇಜಿನೊಳಗೇ ಕಟ್ಟಿ, ಅದನ್ನು ವಿದ್ಯಾರ್ಥಿಯೇ ನಿಭಾಯಿಸುವಂತೆ ಬಿಡುವುದು ಸಿಮ್ಯುಲೇಷನ್.

ಒಂದು ಮೇಜನ್ನು ಕೌಂಟರ್ ಮಾಡಿಕೊಂಡು, ಒಬ್ಬರು ಚೀಟಿ ಹಿಡಿದು ಬಂದು ನಿಂತರೆ ಅದು ಸಿಮ್ಯುಲೇಷನ್. ನಾಡಿ ಬಡಿಯುವ, ಎದೆ ಏರಿಳಿಯುವ ಗೊಂಬೆಯ ಪಕ್ಕ ನಿಂತು ತುರ್ತು ಔಷಧಿ ತಯಾರಿಸಿ ಕೊಡುವುದೂ ಹೌದು. ಕಂಪ್ಯೂಟರ್ ಪರದೆಯ ಮೇಲೆ ಔಷಧಿ ಆರಿಸಿ ಲೇಬಲ್ ಹಾಕುವುದೂ ಹೌದು. ಎಲ್ಲದರಲ್ಲೂ ಮೂರು ಹಂತ ಇರಬೇಕು: ಮೊದಲು ಸಂದರ್ಭ ಹೇಳುವುದು, ಆಮೇಲೆ ಕೆಲಸ, ಕೊನೆಗೆ ಕೂತು ಮಾತಾಡುವುದು. ಕೊನೆಯ ಹಂತ ಬಿಟ್ಟರೆ ಆಗ ಅದು ನಿಜಕ್ಕೂ ಬರೀ ನಾಟಕ.

"ಫಾರ್ಮಸಿಯವರೇನು ಆಪರೇಷನ್ ಮಾಡ್ತಾರಾ? ಅವರಿಗೆ ಇದೆಲ್ಲ ಯಾಕೆ?"

ಜ್ವರದ ಮಗುವಿಗೆ ಕೊಡುವ ಪ್ಯಾರಸಿಟಮಾಲ್ ಅನ್ನೇ ತೆಗೆದುಕೊಳ್ಳಿ. ಮಗುವಿನ ತೂಕ 10 ಕಿಲೋ. ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಒಂದು ಸಲಕ್ಕೆ 150 ಮಿಲಿಗ್ರಾಂ ಬೇಕು. ಅಂಗಡಿಯಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಸಿರಪ್ ಇದೆ. 5 ಎಂಎಲ್‌ಗೆ 250 ಮಿಲಿಗ್ರಾಂ ಇರುವುದೂ ಇದೆ. 1 ಎಂಎಲ್‌ಗೇ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಕೂಡ ಇದೆ. ಮೊದಲನೆಯದು 6 ಎಂಎಲ್ ಕೊಡಬೇಕು. ಎರಡನೆಯದು 3 ಎಂಎಲ್. ಡ್ರಾಪ್ಸ್ ಆದರೆ ಒಂದೂವರೆ ಎಂಎಲ್ ಅಷ್ಟೇ.

ಚೀಟಿಯಲ್ಲಿ ಬರೀ "5 ಎಂಎಲ್, ದಿನಕ್ಕೆ ಮೂರು ಸಲ" ಅಂತ ಇದ್ದು, ಕೌಂಟರ್‌ನಲ್ಲಿದ್ದವರು ಡ್ರಾಪ್ಸ್ ಬಾಟಲಿ ಕೊಟ್ಟರೆ? ಆ ಪುಟ್ಟ ಮಗುವಿಗೆ ಒಂದೇ ಸಲಕ್ಕೆ 500 ಮಿಲಿಗ್ರಾಂ ಹೋಗುತ್ತದೆ. ಕತ್ತಿ ಹಿಡಿಯದೆಯೂ ಫಾರ್ಮಸಿಸ್ಟ್ ಕೈಯಿಂದ ಅಪಾಯ ಆಗಬಹುದು ಅನ್ನುವುದಕ್ಕೆ ಇದಕ್ಕಿಂತ ದೂರ ಹೋಗಬೇಕಿಲ್ಲ. ಈ ತಪ್ಪು ಮೊದಲ ಸಲ ಆಗುವುದಾದರೆ ಅದು ಕಾಲೇಜಿನ ಮೇಜಿನ ಮೇಲೆ ಆಗಲಿ.

"ಆಸ್ಪತ್ರೇಲಿ ನಿಜವಾದ ರೋಗಿಗಳೇ ಇರುವಾಗ ನಕಲಿ ರೋಗಿ ಯಾಕೆ ಬೇಕು?"

ವಾರ್ಡ್‌ನಲ್ಲಿ ಅವತ್ತು ಯಾರಿದ್ದಾರೋ ಅವರಿಂದಷ್ಟೇ ಕಲಿಯಬಹುದು. ಒಂದು ಬ್ಯಾಚಿಗೆ ಆಸ್ತಮಾ ರೋಗಿ ಸಿಗುತ್ತಾರೆ, ಇನ್ನೊಂದಕ್ಕೆ ಸಿಗುವುದೇ ಇಲ್ಲ. ಅಪರೂಪದ, ಆದರೆ ಜೀವಕ್ಕೆ ಕುತ್ತು ತರುವ ಸಂದರ್ಭಗಳು ಓದುವ ವರ್ಷಗಳಲ್ಲಿ ಎದುರಾಗದೆಯೇ ಹೋಗಬಹುದು. ಜೊತೆಗೆ, ನೋವಿನಲ್ಲಿರುವ ಒಬ್ಬರ ಮುಂದೆ ಹತ್ತು ಜನ ಸಾಲಾಗಿ ನಿಂತು ಅದೇ ಪ್ರಶ್ನೆ ಕೇಳುವುದು ಸರಿಯಲ್ಲ ಅಲ್ವಾ? ನಕಲಿ ರೋಗಿಯ ಹತ್ತಿರ ಅದೇ ಮಾತನ್ನು ಐದು ಸಲ ಹೇಳಿ ತಿದ್ದಿಕೊಳ್ಳಬಹುದು. ಆಮೇಲೆ ವಾರ್ಡಿಗೆ ಹೋಗಲೇಬೇಕು. ಅದು ತಪ್ಪುವುದಿಲ್ಲ, ತಪ್ಪಲೂಬಾರದು.

"ಇದು ಈಚೆಗೆ ಬಂದ ಫ್ಯಾಷನ್ ಅಲ್ವಾ?"

ಇಲ್ಲ. ತರಬೇತಿ ಪಡೆದ ವ್ಯಕ್ತಿಯಿಂದ ರೋಗಿಯ ಪಾತ್ರ ಮಾಡಿಸಿ ಕಲಿಸುವ ಪದ್ಧತಿಯನ್ನು ಅಮೆರಿಕದ ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ 1960ರ ದಶಕದ ಮೊದಲ ವರ್ಷಗಳಲ್ಲೇ ಶುರುಮಾಡಿದರು. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಕಲಿಸಲು ನಾರ್ವೆಯ ಆಸ್ಮಂಡ್ ಲೇರ್ಡಾಲ್ ಗೊಂಬೆ ತಯಾರಿಸಿದ್ದು 1960ರಲ್ಲಿ. ಸ್ಕಾಟ್‌ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಮೇಜಿನಿಂದ ಮೇಜಿಗೆ ಹೋಗಿ ಕೆಲಸ ಮಾಡಿ ತೋರಿಸುವ ಓಎಸ್‌ಸಿಇ ಪರೀಕ್ಷಾ ಪದ್ಧತಿಯನ್ನು 1975ರಲ್ಲಿ ಮುಂದಿಟ್ಟರು. ಇವೆಲ್ಲ ಡಾಕ್ಟರುಗಳಿಗಾಗಿ ಹುಟ್ಟಿದವು, ಫಾರ್ಮಸಿಗೆ ನಿಧಾನವಾಗಿ ಬಂದವು. ನಮ್ಮಲ್ಲಿ ಫಾರ್ಮಸಿಸ್ಟ್ ರೋಗಿಯ ಜೊತೆ ಮಾತಾಡಬೇಕು ಅನ್ನುವ ಪಾಠಕ್ಕೇ ಒತ್ತು ಸಿಕ್ಕಿದ್ದು ತಡವಾಗಿ. ಮೈಸೂರು ಮತ್ತು ಊಟಿಯ ಜೆಎಸ್‌ಎಸ್ ಕಾಲೇಜುಗಳಲ್ಲಿ ಫಾರ್ಮಸಿ ಪ್ರಾಕ್ಟೀಸ್ ಎಂ.ಫಾರ್ಮ್ ಶುರುವಾಗಿದ್ದು 1990ರ ದಶಕದ ಎರಡನೇ ಭಾಗದಲ್ಲಿ. ಆರು ವರ್ಷದ ಫಾರ್ಮ್.ಡಿ. ಕೋರ್ಸಿನ ನಿಯಮ ಬಂದದ್ದು 2008ರಲ್ಲಿ.

"ನಮ್ಮ ಸಿಲಬಸ್‌ನಲ್ಲಿ ಇದು ಇದೆಯಾ, ಇಲ್ಲಾ ನೀವೇ ಸೇರಿಸಿದ್ದಾ?"

ಇದೆ. ಭಾರತೀಯ ಫಾರ್ಮಸಿ ಕೌನ್ಸಿಲ್‌ನ 2020ರ ಡಿ.ಫಾರ್ಮ್ (ಡಿಪ್ಲೊಮಾ) ನಿಯಮದ ಪ್ರಕಾರ, ಕಮ್ಯುನಿಟಿ ಫಾರ್ಮಸಿ (ಔಷಧಿ ಅಂಗಡಿಯ ಕೆಲಸ) ಪ್ರಾಕ್ಟಿಕಲ್‌ನಲ್ಲಿ ರೋಗಿಯ ಪಾತ್ರ ಮಾಡುವವರಿಗೆ ಕೌನ್ಸೆಲಿಂಗ್ ಮಾಡುವುದು ಒಂದು ಪಾಠ. ಇನ್ಸುಲಿನ್ ಪೆನ್, ಇನ್ಹೇಲರ್, ನೆಬ್ಯುಲೈಸರ್ ಬಳಸುವುದನ್ನು ಹೇಳಿಕೊಡುವುದೂ ಅದರಲ್ಲೇ ಬರುತ್ತದೆ. ಔಷಧಿ ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ಕಲಿಸುವ ಬಿ.ಫಾರ್ಮ್ ಫಾರ್ಮಕಾಲಜಿ ಪ್ರಾಕ್ಟಿಕಲ್‌ನಲ್ಲಿ ಪ್ರಾಣಿ ಪ್ರಯೋಗಗಳನ್ನು ಸಾಫ್ಟ್‌ವೇರ್ ಮತ್ತು ವಿಡಿಯೊ ಮೂಲಕವೇ ತೋರಿಸಬೇಕು ಅಂತ ಸೂಚನೆ ಇದೆ. ಕಾಗದದ ಮೇಲಂತೂ ಕೊರತೆ ಇಲ್ಲ. ಆದರೆ ಎಷ್ಟೋ ಕಡೆ ಇದು ರೆಕಾರ್ಡ್ ಬುಕ್ಕಿನಲ್ಲಿ ಬರೆದು ಸಹಿ ಹಾಕಿಸುವಲ್ಲಿಗೆ ಮುಗಿಯುತ್ತದೆ. "ರೋಗಿಗೆ ಮಾತ್ರೆಯ ಬಗ್ಗೆ ತಿಳಿಸಲಾಯಿತು" ಅಂತ ಬರೆದವರು ಒಂದು ಸಲವೂ ಬಾಯಿಬಿಟ್ಟು ಹೇಳಿರುವುದಿಲ್ಲ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

## ಕೌಂಟರ್ ಮುಂದೆ

"ರೋಗಿಯ ಪಾತ್ರ ಯಾರು ಮಾಡ್ಬೇಕು? ಫ್ರೆಂಡ್ ಮಾಡಿದ್ರೆ ನಗು ತಡೆಯೋಕಾಗಲ್ಲ."

ಮೊದಲ ಒಂದೆರಡು ತರಗತಿ ನಗಲಿ ಬಿಡಿ, ಅದು ತಾನಾಗೇ ನಿಲ್ಲುತ್ತದೆ. ಆದರೂ ಪಕ್ಕದ ಬೆಂಚಿನವರಿಗಿಂತ ಸೀನಿಯರ್ ಬ್ಯಾಚಿನವರು ವಾಸಿ. ಅವರಿಗಿಂತಲೂ ವಾಸಿ ಅಂದರೆ ಕಾಲೇಜಿನ ಆಫೀಸು, ಲೈಬ್ರರಿ, ಲ್ಯಾಬ್‌ನಲ್ಲಿ ಕೆಲಸ ಮಾಡುವವರು. ಅವರಿಗೆ ಔಷಧಿಯ ಭಾಷೆ ಗೊತ್ತಿರುವುದಿಲ್ಲ. ಹಾಗಾಗಿ ಅರ್ಥವಾಗದಿದ್ದರೆ ಮುಖದಲ್ಲೇ ಗೊತ್ತಾಗುತ್ತದೆ.

ಪಾತ್ರ ಮಾಡುವವರಿಗೆ ಒಂದು ಹಾಳೆ ಕೊಡಿ. ಹೆಸರು, ವಯಸ್ಸು, ಏನು ಕಾಯಿಲೆ, ಮನೆಯಲ್ಲಿ ಯಾರಿದ್ದಾರೆ, ಈಗಾಗಲೇ ಯಾವ ಮಾತ್ರೆ ತಗೊಳ್ತಿದ್ದಾರೆ, ಏನು ಭಯ ಇದೆ. ಜೊತೆಗೆ ಒಂದು ಗುಟ್ಟು: ಕೇಳಿದರೆ ಮಾತ್ರ ಹೇಳಬೇಕಾದ ವಿಷಯ. "ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ದಿನಾ ನುಂಗ್ತೀನಿ" ಅನ್ನುವುದು ಆ ಗುಟ್ಟಾಗಿರಬಹುದು. ಬಿಪಿ ಮಾತ್ರೆ ಕೊಡುವ ವಿದ್ಯಾರ್ಥಿ "ಬೇರೆ ಏನಾದ್ರೂ ತಗೊಳ್ತಿದ್ದೀರಾ?" ಅಂತ ಕೇಳಿದರೆ ಅದು ಹೊರಬರುತ್ತದೆ. ಕೇಳದಿದ್ದರೆ ಇಲ್ಲ.

"ಓದಿದ್ದೆಲ್ಲ ಇಂಗ್ಲಿಷ್‌ನಲ್ಲಿ. ಅಜ್ಜಿ ಬಂದು ಕನ್ನಡದಲ್ಲಿ ಕೇಳಿದ್ರೆ ಬಾಯೇ ಬರಲ್ಲ. ಏನ್ ಮಾಡ್ಲಿ?"

ಕರ್ನಾಟಕದಲ್ಲಿ ಫಾರ್ಮಸಿ ಕಲಿಯುವವರಿಗೆ ಸಿಮ್ಯುಲೇಷನ್ ಎಲ್ಲಕ್ಕಿಂತ ಜಾಸ್ತಿ ನೆರವಾಗುವುದು ಇಲ್ಲೇ ಅನ್ನುವುದು ನನ್ನ ನಂಬಿಕೆ. ಪಠ್ಯಪುಸ್ತಕ ಇಂಗ್ಲಿಷಿನಲ್ಲಿ. ಪರೀಕ್ಷೆ ಇಂಗ್ಲಿಷಿನಲ್ಲಿ. ಕೌಂಟರ್‌ನ ಆ ಕಡೆ ನಿಂತವರು ಮಾತ್ರ ಕನ್ನಡದವರು. ಕಲಬುರಗಿಯಲ್ಲಿ ಒಂದು ಥರ, ಕುಂದಾಪುರದಲ್ಲಿ ಇನ್ನೊಂದು ಥರ ಮಾತಾಡುವವರು. ಆ ದಾರಿಯನ್ನು ದಾಟುವುದನ್ನು ಯಾವ ಪಾಠವೂ ಕಲಿಸುವುದಿಲ್ಲ. ಬಾಯಿಬಿಟ್ಟು ಹೇಳಿಯೇ ಕಲಿಯಬೇಕು.

ಥೈರಾಯ್ಡ್ ಮಾತ್ರೆಯ ಉದಾಹರಣೆ ನೋಡಿ. "ಖಾಲಿ ಹೊಟ್ಟೇಲಿ ತಗೊಳ್ಳಿ" ಅಂತ ವಿದ್ಯಾರ್ಥಿ ಹೇಳುತ್ತಾಳೆ. ಪಾತ್ರದಲ್ಲಿರುವ ಅಮ್ಮ "ಆಯ್ತಮ್ಮ, ಕಾಫಿ ಕುಡಿದ ತಕ್ಷಣ ತಗೊಳ್ತೀನಿ" ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಕಾಫಿ ಕುಡಿದರೂ ಹೊಟ್ಟೆ ಖಾಲಿಯೇ, ತಿಂಡಿ ಆಗಿಲ್ಲವಲ್ಲ. ಆದರೆ ಕಾಫಿಯಿಂದ ಆ ಔಷಧಿ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಹಾಗಾಗಿ ಹೇಳಬೇಕಾದ್ದು ಹೀಗೆ: "ಬೆಳಗ್ಗೆ ಎದ್ದ ಕೂಡಲೇ ಬರೀ ನೀರಲ್ಲಿ ಮಾತ್ರೆ ನುಂಗಿ. ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಕ್ಯಾಲ್ಸಿಯಂ ಅಥವಾ ಐರನ್ ಮಾತ್ರೆ ಇದ್ರೆ ನಾಲ್ಕು ಗಂಟೆ ಬಿಟ್ಟು ತಗೊಳ್ಳಿ."

ಅಭ್ಯಾಸಕ್ಕೆ ಒಂದು ಸರಳ ದಾರಿ ಇದೆ. ಒಂದು ಔಷಧಿ ಆರಿಸಿಕೊಳ್ಳಿ. ಅದರ ಬಗ್ಗೆ ನಿಮ್ಮ ಮನೆಯ ಹಿರಿಯರಿಗೆ ಎರಡು ನಿಮಿಷ ಹೇಳುವಂತೆ ಹೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಕೊನೆಗೆ "ಅರ್ಥ ಆಯ್ತಾ?" ಅಂತ ಕೇಳಬೇಡಿ. ಎಲ್ಲರೂ "ಹೂಂ" ಅನ್ನುತ್ತಾರೆ. "ಮನೇಲಿ ಮಗಳು ಕೇಳಿದ್ರೆ ಹೇಗೆ ತಗೋಬೇಕು ಅಂತ ಹೇಳ್ತೀರಾ?" ಅಂತ ಕೇಳಿ. ಅವರ ಬಾಯಲ್ಲಿ ಅದು ಸರಿಯಾಗಿ ಬಂದರೆ ನೀವು ಹೇಳಿದ್ದು ಮುಟ್ಟಿದೆ.

"ಇನ್ಹೇಲರ್, ಇನ್ಸುಲಿನ್ ಎಲ್ಲ ಯೂಟ್ಯೂಬ್‌ನಲ್ಲಿ ನೋಡಿದ್ರೆ ಸಾಲದಾ?"

ಸಾಲದು. ಕೈಗೆ ಕೊಟ್ಟಾಗ ಗೊತ್ತಾಗುತ್ತದೆ. ಒತ್ತಿ ಎಳೆಯುವ ಪಂಪ್ ಇನ್ಹೇಲರ್ ಆದರೆ ಮೊದಲು ಅಲ್ಲಾಡಿಸಬೇಕು, ಉಸಿರು ಪೂರ್ತಿ ಹೊರಬಿಡಬೇಕು, ನಿಧಾನವಾಗಿ ಎಳೆಯಲು ಶುರುಮಾಡುತ್ತಲೇ ಒತ್ತಬೇಕು, ಆಮೇಲೆ 10 ಸೆಕೆಂಡು ಹಿಡಿಯಬೇಕು. ಕ್ಯಾಪ್ಸೂಲ್ ಹಾಕಿ ತಿರುಗಿಸುವ ರೋಟಾಹೇಲರ್ ಆದರೆ ಜೋರಾಗಿ, ಆಳವಾಗಿ ಎಳೆಯಬೇಕು. ಒಂದಕ್ಕೆ ನಿಧಾನ, ಇನ್ನೊಂದಕ್ಕೆ ಜೋರು. ಓದಿದವರಿಗೆ ಇದು ಗೊತ್ತು. ಆದರೂ ಔಷಧಿ ಇಲ್ಲದ ತರಬೇತಿ ಇನ್ಹೇಲರ್ ಬಾಯಿಗಿಟ್ಟಾಗ ತುಂಬ ಜನ ಮೊದಲು ಒತ್ತಿ ಆಮೇಲೆ ಎಳೆಯುತ್ತಾರೆ. ತನಗೇ ಬಾರದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವುದು ಹೇಗೆ? ಸ್ಟೀರಾಯ್ಡ್ ಇನ್ಹೇಲರ್ ಆದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು ಅನ್ನುವುದೂ ಮೇಜಿನ ಮೇಲೆ ಒಂದು ಲೋಟ ನೀರಿದ್ದರೆ ನೆನಪಿಗೆ ಬರುತ್ತದೆ.

ಇನ್ಸುಲಿನ್‌ನಲ್ಲಿ ಇನ್ನೂ ಎಚ್ಚರ ಬೇಕು. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ 1 ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 1 ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ ಅನ್ನು ಕೆಂಪು ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಅಂದರೆ ಎರಡೂವರೆ ಪಟ್ಟು. ಶುಗರ್ ಪಾತಾಳಕ್ಕಿಳಿದು ರೋಗಿ ಎಚ್ಚರ ತಪ್ಪಬಹುದು. ಎರಡೂ ಸಿರಿಂಜ್ ಮುಂದಿಟ್ಟು, ಬಣ್ಣದ ನೀರು ಎಳೆಸಿ, ಅಕ್ಕಪಕ್ಕ ಹಿಡಿದು ನೋಡಿಸಿ. ಒಮ್ಮೆ ಆ ವ್ಯತ್ಯಾಸವನ್ನು ಕಣ್ಣಾರೆ ಕಂಡವರು ಸಿರಿಂಜ್ ಕೊಡುವಾಗ ಬಾಟಲಿ ಯಾವುದು ಅಂತ ಕೇಳದೆ ಇರುವುದಿಲ್ಲ.

"ಡಾಕ್ಟರಿಗೆ ಫೋನ್ ಮಾಡಿ ಡೋಸ್ ತಪ್ಪಿದೆ ಅಂತ ಹೇಳೋದಾ? ಬೈತಾರೆ!"

ಬೈಯಬಹುದು. ಅದಕ್ಕೇ ಅದನ್ನು ಅಭ್ಯಾಸ ಮಾಡಬೇಕು. ಮೆಥೊಟ್ರೆಕ್ಸೇಟ್ ಕೇಸು ಇದಕ್ಕೆ ಹೇಳಿಮಾಡಿಸಿದ್ದು. ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ಸಲ ಕೊಡುವುದು. ಚೀಟಿಯಲ್ಲಿ ಕೈತಪ್ಪಿ ದಿನಕ್ಕೊಂದು ಅಂತ ಬಂದಿದೆ. ಹಾಗೇ ಕೊಟ್ಟರೆ ರಕ್ತಕಣ ಕುಸಿದು, ಬಾಯಿ ಹುಣ್ಣಾಗಿ, ಪ್ರಾಣಕ್ಕೇ ಸಂಚಕಾರ.

ಮೇಷ್ಟ್ರು ಪಕ್ಕದ ಕೋಣೆಯಿಂದ ಡಾಕ್ಟರ್ ಪಾತ್ರದಲ್ಲಿ ಫೋನ್ ಎತ್ತಲಿ. ಓಪಿಡಿ ಗಡಿಬಿಡಿ, ಮಾತಲ್ಲಿ ಅವಸರ. ವಿದ್ಯಾರ್ಥಿ ಅರ್ಧ ನಿಮಿಷದಲ್ಲಿ ನಾಲ್ಕು ವಿಷಯ ಹೇಳಬೇಕು: ತಾನು ಯಾರು, ಯಾವ ರೋಗಿ, ಏನು ಅನುಮಾನ, ಏನು ಮಾಡಬಹುದು. "ಸರ್, ನಿಮ್ಮ ಪೇಷೆಂಟ್ ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ 7.5 ಮಿಲಿಗ್ರಾಂ ದಿನಾ ಅಂತ ಇದೆ. ವಾರಕ್ಕೊಂದು ಸಲ ಇರಬೇಕಿತ್ತಾ ಅಂತ ಖಚಿತ ಮಾಡಿಕೊಳ್ಳೋಕೆ ಫೋನ್ ಮಾಡಿದೆ." ಇಲ್ಲಿ ತಪ್ಪು ಹೊರಿಸುವ ಮಾತಿಲ್ಲ, ಅಳುಕೂ ಇಲ್ಲ. ಡಾಕ್ಟರ್ "ಬರೆದಷ್ಟು ಕೊಡಪ್ಪ" ಅಂತ ಗದರಿದರೆ ಏನು ಮಾಡುತ್ತಾರೆ ಅನ್ನುವುದೇ ಆ ಕೇಸಿನ ತಿರುಳು. ಔಷಧಿ ಕೊಡದೆ ತಡೆದು, ಮತ್ತೊಮ್ಮೆ ವಿನಯದಿಂದಲೇ ಒತ್ತಿ ಹೇಳುವ ಧೈರ್ಯ ಅಭ್ಯಾಸದಿಂದ ಬರುತ್ತದೆ.

"ಚೀಟಿ ಇಲ್ದೆ ಆಂಟಿಬಯೋಟಿಕ್ ಕೇಳ್ತಾರೆ. ಅದನ್ನೂ ಸಿಮ್ಯುಲೇಷನ್ ಮಾಡ್ಬಹುದಾ?"

ಖಂಡಿತ. ಗೊತ್ತಿರುವವರಿಗೆ "ಇಲ್ಲ" ಅನ್ನುವುದು ನಮ್ಮೂರುಗಳಲ್ಲಿ ಸುಲಭವಲ್ಲ. ಸೆಫಿಕ್ಸಿಮ್‌ನಂಥ ಆಂಟಿಬಯೋಟಿಕ್‌ಗಳು ಎಚ್1 ಪಟ್ಟಿಯಲ್ಲಿವೆ, ಅಂದರೆ ಮಾರಾಟದ ಮೇಲೆ ಕಾನೂನು ಹೆಚ್ಚು ನಿಗಾ ಇಟ್ಟ ಔಷಧಿಗಳ ಪಟ್ಟಿಯಲ್ಲಿ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಆ ನಿಯಮದ ಪ್ರಕಾರ ಚೀಟಿ ಬೇಕೇ ಬೇಕು. ಡಾಕ್ಟರ್ ಹೆಸರು, ರೋಗಿಯ ಹೆಸರು, ಔಷಧಿ, ಪ್ರಮಾಣ ಇಷ್ಟನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಟ್ಟಿರಬೇಕು. ಪಾತ್ರ ಮಾಡುವವರಿಗೆ "ಹೋದ್ಸಲ ಕೊಟ್ಟಿದ್ರಲ್ಲ", "ಪಕ್ಕದ ಅಂಗಡೀಲಿ ಕೊಡ್ತಾರೆ" ಅಂತ ಒತ್ತಾಯ ಮಾಡಲು ಹೇಳಿ. ಬರೀ ಇಲ್ಲ ಅಂದು ಕಳಿಸಿದರೆ ಸಾಲದು. ಜ್ವರ ಎಷ್ಟು ದಿನದಿಂದ, ಉಸಿರಾಟ ಹೇಗಿದೆ ಅಂತ ಕೇಳಿ, ಯಾವ ಡಾಕ್ಟರ್ ಹತ್ತಿರ ಹೋಗಬೇಕು ಅಂತ ದಾರಿ ತೋರಿಸಬೇಕು.

ನಕಲಿ ರೋಗಿಗಳನ್ನು ಸಂಶೋಧನೆಗೂ ಬಳಸಿದ್ದಾರೆ. ದೆಹಲಿ, ಮುಂಬೈ, ಪಾಟ್ನಾದ 600ಕ್ಕೂ ಹೆಚ್ಚು ಔಷಧಿ ಅಂಗಡಿಗಳಿಗೆ ಟಿಬಿ ಲಕ್ಷಣ ಹೇಳುವ ತರಬೇತಿ ಪಡೆದವರನ್ನು ಕಳಿಸಿ ಮಾಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಟಿಬಿಯ ಮುಖ್ಯ ಔಷಧಿಗಳನ್ನು ಒಬ್ಬರೂ ಸುಮ್ಮನೆ ಕೊಡಲಿಲ್ಲ. ಆದರೆ ಬರೀ ಕೆಮ್ಮು ಅಂತ ಹೋದವರಲ್ಲಿ ಹಲವರಿಗೆ ಬೇರೆ ಆಂಟಿಬಯೋಟಿಕ್ ಸಿಕ್ಕಿತು. ಕಫ ಪರೀಕ್ಷೆಯ ರಿಪೋರ್ಟ್ ತೋರಿಸಿದವರನ್ನು ಡಾಕ್ಟರ್ ಹತ್ತಿರ ಕಳಿಸಿದ್ದು ಜಾಸ್ತಿ.

"ನಮ್ದು ಸಣ್ಣ ಊರಿನ ಕಾಲೇಜು. ಗೊಂಬೆ ತಗೊಳ್ಳೋಕೆ ದುಡ್ಡೆಲ್ಲಿ?"

ಗೊಂಬೆ ಬೇಡ. ಫಾರ್ಮಸಿಸ್ಟ್ ಕೆಲಸದ ಮುಕ್ಕಾಲು ಪಾಲು ಮಾತು, ಲೆಕ್ಕ, ಪರಿಶೀಲನೆ. ಒಂದು ಮೇಜು, ಖಾಲಿ ಔಷಧಿ ಡಬ್ಬಿಗಳು, ಖಾಲಿ ಬಾಟಲಿಗಳು, ಓಆರ್‌ಎಸ್ ಪ್ಯಾಕೆಟ್, ಒಂದು ಲೀಟರ್ ಜಗ್ಗು, ಅಳತೆ ಮುಚ್ಚಳ, ಸಿರಿಂಜ್, ತರಬೇತಿ ಇನ್ಹೇಲರ್. ಇಷ್ಟಿದ್ದರೆ ಒಂದು ವರ್ಷದ ಪಾಠ ನಡೆಯುತ್ತದೆ. ದುಬಾರಿ ಯಂತ್ರ ತಂದು ಬೀಗ ಹಾಕಿಟ್ಟು, ತಪಾಸಣೆಗೆ ಬಂದವರಿಗೆ ಮಾತ್ರ ತೋರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ತರಬೇತಿಯ ವಸ್ತು ನಿಜವಾದ ಔಷಧಿಯ ಜೊತೆ ಎಂದೂ ಸೇರಬಾರದು. 2014ರ ಕೊನೆಗೆ ಅಮೆರಿಕದಲ್ಲಿ ತರಬೇತಿಗೆಂದು ಮಾಡಿದ ಸಲೈನ್ ಚೀಲಗಳು ಕ್ಲಿನಿಕ್‌ಗಳಿಗೆ ಹೋಗಿ 40ಕ್ಕೂ ಹೆಚ್ಚು ರೋಗಿಗಳ ಮೈಗೆ ಏರಿದವು. ಜ್ವರ, ಚಳಿ, ನಡುಕ ಬಂದು ಕೆಲವರು ಆಸ್ಪತ್ರೆ ಸೇರಬೇಕಾಯಿತು. ಪ್ರತಿ ಡಬ್ಬಿಯ ಮೇಲೂ ದೊಡ್ಡದಾಗಿ "ತರಬೇತಿಗೆ ಮಾತ್ರ" ಅಂತ ಬರೆಯಿರಿ. ಬೇರೆ ಬೀರುವಿನಲ್ಲಿಡಿ.

## ಲ್ಯಾಬ್ ಮತ್ತು ಕಂಪ್ಯೂಟರ್

"ಕಪ್ಪೆ, ಮೊಲ ಇಲ್ದೆ ಕಂಪ್ಯೂಟರ್‌ನಲ್ಲಿ ಪ್ರಯೋಗ ಮಾಡಿದ್ರೆ ಅದು ಕಲಿಕೆನಾ?"

ಔಷಧಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗುರಿ ಆದರೆ, ಹೌದು. ಪುದುಚೇರಿಯ ಜಿಪ್ಮರ್ ವೈದ್ಯಕೀಯ ಸಂಸ್ಥೆಯ ಡಾ. ಆರ್. ರವೀಂದ್ರನ್ ರೂಪಿಸಿದ ಎಕ್ಸ್‌ಫಾರ್ಮ್ ಸಾಫ್ಟ್‌ವೇರ್ ನಮ್ಮ ಕಾಲೇಜುಗಳಲ್ಲಿ ಬಹಳ ಬಳಕೆಯಲ್ಲಿದೆ. ಅದರಲ್ಲಿ ಮೊಲದ ಕಣ್ಣಿನ ಪ್ರಯೋಗ ಇದೆ. ಹೆಸರು ಗೊತ್ತಿಲ್ಲದ ಔಷಧಿಯ ಹನಿ ಹಾಕಿದಾಗ ಕಣ್ಣಿನ ಪಾಪೆ ಹಿಗ್ಗಿತು ಅಂದುಕೊಳ್ಳಿ. ಪಾಪೆ ಹಿಗ್ಗಿಸುವ ಔಷಧಿಗಳಲ್ಲಿ ಅದು ಅಟ್ರೋಪಿನ್ನೋ ಎಫೆಡ್ರಿನ್ನೋ? ಬೆಳಕು ಬಿಟ್ಟು ನೋಡಬೇಕು. ಅಟ್ರೋಪಿನ್ ಆದರೆ ಪಾಪೆ ಬೆಳಕಿಗೆ ಮಿಸುಕುವುದಿಲ್ಲ. ಎಫೆಡ್ರಿನ್ ಆದರೆ ಕುಗ್ಗುತ್ತದೆ. ಈ ತರ್ಕ ಕಲಿಯಲು ಮೊಲವನ್ನು ಹಿಂಸಿಸಬೇಕಿಲ್ಲ. ಸಂಶೋಧನೆಗೆ ಹೋಗುವವರು ಪ್ರಾಣಿಗಳನ್ನು ಸರಿಯಾಗಿ ಹಿಡಿಯುವುದನ್ನು, ನೋಡಿಕೊಳ್ಳುವುದನ್ನು ಆಮೇಲೆ ಬೇರೆಯಾಗಿ ಕಲಿಯಬೇಕು. ಅದನ್ನು ಪರದೆ ಕಲಿಸಲಾರದು.

"ಮೈಡಿಸ್ಪೆನ್ಸ್ ಅಂತ ಒಂದು ಇದೆಯಂತೆ. ನಮಗೆ ಉಪಯೋಗ ಆಗುತ್ತಾ?"

ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೋನಾಶ್ ವಿಶ್ವವಿದ್ಯಾಲಯ ಅದನ್ನು ರೂಪಿಸಿದೆ. ಪರದೆಯ ಮೇಲೆ ಒಂದು ಔಷಧಿ ಅಂಗಡಿ. ಚೀಟಿ ಬರುತ್ತದೆ, ರೋಗಿಗೆ ಪ್ರಶ್ನೆ ಕೇಳಬಹುದು, ಡಾಕ್ಟರನ್ನು ಸಂಪರ್ಕಿಸಬಹುದು, ಕಪಾಟಿನಿಂದ ತೆಗೆದು ಲೇಬಲ್ ಹಾಕಬಹುದು. ತಪ್ಪಿದರೆ ಅಲ್ಲೇ ಹೇಳುತ್ತದೆ. ಪರಿಶೀಲಿಸುವ ಅಭ್ಯಾಸ ಬೆಳೆಸಲು ಒಳ್ಳೆಯದು.

ಆದರೆ ಅಲ್ಲಿನ ಕೇಸುಗಳನ್ನು ಹಾಗೇ ತಂದರೆ ನಮ್ಮ ಅಂಗಡಿಗೆ ಹೊಂದುವುದಿಲ್ಲ. ಇಲ್ಲಿ ರೋಗಿ "ನಾಲ್ಕು ಮಾತ್ರೆ ಸಾಕು" ಅನ್ನುತ್ತಾರೆ, ಸ್ಟ್ರಿಪ್ ಕತ್ತರಿಸಬೇಕು. ಬ್ಯಾಚ್ ನಂಬರ್ ಮತ್ತು ಎಕ್ಸ್‌ಪೈರಿ ಇರುವ ತುದಿಯನ್ನೇ ಕತ್ತರಿಸಿ ಕೊಟ್ಟರೆ ಅಂಗಡಿಯಲ್ಲಿ ಉಳಿದ ತುಂಡಿನ ಗುರುತು ಹೋಯಿತು. ಕೊಡದಿದ್ದರೆ ರೋಗಿಯ ಕೈಯಲ್ಲಿರುವುದಕ್ಕೆ ಗುರುತಿಲ್ಲ. ಹಾಗಾಗಿ ಕವರ್ ಮೇಲೆ ಹೆಸರು, ಎಕ್ಸ್‌ಪೈರಿ ಬರೆದು ಕೊಡುವುದನ್ನು ಕಲಿಸಬೇಕು. ಇಂಥ ಕೇಸುಗಳನ್ನು ನಾವೇ ಬರೆದುಕೊಳ್ಳಬೇಕು.

"ನಾನು ಕಂಪನಿಗೆ ಹೋಗೋನು. ರೋಗಿ ಜೊತೆ ಮಾತಾಡೋ ಪಾಠ ನನಗ್ಯಾಕೆ?"

ಕಂಪನಿಯಲ್ಲೂ ಸಿಮ್ಯುಲೇಷನ್ ದಿನನಿತ್ಯದ ಮಾತು. ಇಂಜೆಕ್ಷನ್ ತಯಾರಿಸುವಲ್ಲಿ ಮೀಡಿಯಾ ಫಿಲ್ ಅಂತ ಮಾಡುತ್ತಾರೆ. ಔಷಧಿಯ ಬದಲು ಸೂಕ್ಷ್ಮಾಣು ಬೆಳೆಯುವ ಪೋಷಕ ದ್ರವವನ್ನೇ ವಯಲ್‌ಗಳಿಗೆ (ಇಂಜೆಕ್ಷನ್‌ನ ಪುಟ್ಟ ಬಾಟಲಿಗಳಿಗೆ) ತುಂಬಿ, 14 ದಿನ ಬೆಚ್ಚಗಿಟ್ಟು, ಯಾವುದಾದರೂ ಕದಡಿದೆಯಾ ಅಂತ ನೋಡುತ್ತಾರೆ. ಕದಡಿದರೆ ತಯಾರಿಕೆಯಲ್ಲಿ ಎಲ್ಲೋ ಶುದ್ಧತೆ ತಪ್ಪಿದೆ ಅಂತ. ಕಾಲೇಜಿನಲ್ಲಿ ಇದರ ಸಣ್ಣ ರೂಪ ಮಾಡಬಹುದು. ಹೊಳೆಯುವ ಬಣ್ಣದ ದ್ರಾವಣವನ್ನು ವಯಲ್‌ನಿಂದ ಸಲೈನ್‌ಗೆ ಸೇರಿಸಲು ಹೇಳಿ, ಆಮೇಲೆ ಕೋಣೆ ಕತ್ತಲೆ ಮಾಡಿ ಯುವಿ ದೀಪ ಹಚ್ಚಿ. ಗ್ಲೌಸ್, ತೋಳು, ಮೇಜು, ಎಲ್ಲೆಲ್ಲಿ ಹನಿ ಬಿದ್ದಿದೆಯೋ ಅಲ್ಲೆಲ್ಲ ಹೊಳೆಯುತ್ತದೆ. ಅದು ಕ್ಯಾನ್ಸರ್ ಔಷಧಿ ಆಗಿದ್ದರೆ ಅನ್ನುವ ಯೋಚನೆ ಬಂದಾಗ ತರಗತಿ ಪೂರ್ತಿ ಸುಮ್ಮನಾಗುತ್ತದೆ.

## ಕಲಿಸುವವರಿಗೆ

"ಕೇಸ್ ಮುಗಿದ ಮೇಲೆ ಏನ್ ಮಾತಾಡೋದು? ತಪ್ಪು ಹೇಳಿ ಕಳಿಸಿದ್ರೆ ಆಯ್ತಲ್ಲ?"

ಆಗಲ್ಲ. ಕಲಿಕೆ ನಡೆಯುವುದೇ ಆ ಮಾತುಕತೆಯಲ್ಲಿ. ಇದನ್ನು ಡಿಬ್ರೀಫಿಂಗ್ ಅನ್ನುತ್ತಾರೆ. ಹತ್ತು ನಿಮಿಷದ ಕೇಸಿಗೆ ಅಷ್ಟೇ ಸಮಯ, ಸಾಧ್ಯವಾದರೆ ಜಾಸ್ತಿ, ಇದಕ್ಕೆ ಇಡಿ.

ಓಆರ್‌ಎಸ್ ಕೇಸಿನಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಹೇಳುತ್ತೇನೆ. ಮಗುವಿಗೆ ಭೇದಿ ಅಂತ ತಾಯಿ ಬರುತ್ತಾರೆ. ವಿದ್ಯಾರ್ಥಿ ಪ್ಯಾಕೆಟ್ ಕೊಟ್ಟು "ನೀರಲ್ಲಿ ಕಲಸಿ ಆಗಾಗ ಕುಡಿಸಿ" ಅನ್ನುತ್ತಾನೆ. ತಾಯಿಯ ಪಾತ್ರದವರು ಅಲ್ಲೇ ಇದ್ದ ಲೋಟಕ್ಕೆ ಇಡೀ ಪ್ಯಾಕೆಟ್ ಸುರಿದು ಕಲಸುತ್ತಾರೆ. ಅದು ಒಂದು ಲೀಟರಿನ ಪ್ಯಾಕೆಟ್. ಅಷ್ಟು ಗಟ್ಟಿ ಉಪ್ಪುನೀರು ಕುಡಿಸಿದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಅಪಾಯವಾಗುತ್ತದೆ. 200 ಎಂಎಲ್‌ನ ಸಣ್ಣ ಪ್ಯಾಕೆಟ್ಟೂ ಅಂಗಡಿಯಲ್ಲಿರುವುದರಿಂದ ಗೊಂದಲ ಇನ್ನೂ ಜಾಸ್ತಿ.

ಈಗ ಮೇಷ್ಟ್ರು "ಒಂದು ಲೀಟರ್ ಅಂತ ಗೊತ್ತಿಲ್ವಾ?" ಅಂದರೆ ವಿದ್ಯಾರ್ಥಿ ತಲೆ ತಗ್ಗಿಸುತ್ತಾನೆ, ಮಾತು ಅಲ್ಲಿಗೆ ಮುಗಿಯಿತು. ಬದಲಿಗೆ ಹೀಗೆ ಕೇಳಿ: "ನೀರಿನ ಅಳತೆ ನೀನು ಹೇಳಲಿಲ್ಲ ಅಂತ ಗಮನಿಸಿದೆ. ಅದು ನನಗೆ ಮುಖ್ಯ ಅನ್ನಿಸಿತು. ಆಗ ನಿನ್ನ ತಲೆಯಲ್ಲಿ ಏನಿತ್ತು?" ಆಗ ಒಬ್ಬ "ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡೆ" ಅನ್ನುತ್ತಾನೆ. ಇನ್ನೊಬ್ಬ "ಪ್ಯಾಕೆಟ್ ಮೇಲೆ ಬರೆದಿದೆಯಲ್ಲ" ಅನ್ನುತ್ತಾನೆ. ಮತ್ತೊಬ್ಬನಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಮೂವರ ತಪ್ಪೂ ನೋಡಲು ಒಂದೇ. ಕಾರಣ ಬೇರೆ, ತಿದ್ದುವ ದಾರಿಯೂ ಬೇರೆ. ಕಾರಣ ತಿಳಿದ ಮೇಲೆ ಅದೇ ಕೇಸನ್ನು ಮತ್ತೊಮ್ಮೆ ಮಾಡಿಸಿ. ಎರಡನೇ ಸಲ ಅವರು ಜಗ್ಗನ್ನು ಕೈಗೆತ್ತಿಕೊಂಡು ತೋರಿಸಿ ಹೇಳುತ್ತಾರೆ.

"ಎಲ್ಲರ ಮುಂದೆ ತಪ್ಪಾಗಿ ವಿದ್ಯಾರ್ಥಿನಿ ಅತ್ತುಬಿಟ್ರೆ?"

ಶುರುವಿನಲ್ಲೇ ಮಾತು ಕೊಡಿ: ಇಲ್ಲಿ ನಡೆದದ್ದು ಈ ಕೋಣೆಯಿಂದ ಹೊರಗೆ ಹೋಗುವುದಿಲ್ಲ, ಇದಕ್ಕೆ ಮಾರ್ಕ್ಸ್ ಇಲ್ಲ. ಕೊಟ್ಟ ಮಾತು ಉಳಿಸಿಕೊಳ್ಳಿ. ವಿಡಿಯೊ ತೆಗೆಯುವುದಾದರೆ ಮೊದಲು ಒಪ್ಪಿಗೆ ಕೇಳಿ, ಪಾಠ ಮುಗಿದ ಮೇಲೆ ಅಳಿಸಿ. ವಾಟ್ಸಾಪ್ ಗುಂಪಿಗೆ ಅದು ಹೋದರೆ ನಿಮ್ಮ ಸಿಮ್ಯುಲೇಷನ್ ಅಲ್ಲಿಗೆ ಸತ್ತಿತು ಅಂತಲೇ ಲೆಕ್ಕ. ಯಾರಿಗಾದರೂ ಕಷ್ಟವಾದರೆ ಕೇಸು ನಿಲ್ಲಿಸಿ, ನೀರು ಕೊಡಿ, ಪಕ್ಕಕ್ಕೆ ಕರೆದು ಮಾತಾಡಿ. ಮನೆಯಲ್ಲಿ ಸಾವಾಗಿರುವವರಿಗೆ ಸಾವಿನ ಕೇಸು ಕೊಡಬೇಡಿ. ಅದಕ್ಕೆ ನಿಮ್ಮ ವಿದ್ಯಾರ್ಥಿಗಳ ಬಗ್ಗೆ ಸ್ವಲ್ಪ ತಿಳಿದಿರಬೇಕು.

"ಇದಕ್ಕೆ ಮಾರ್ಕ್ಸ್ ಕೊಡೋದು ಹೇಗೆ?"

ಕಲಿಸುವ ಕೇಸು ಬೇರೆ, ಪರೀಕ್ಷೆಯ ಕೇಸು ಬೇರೆ. ಪರೀಕ್ಷೆಗೆ ಓಎಸ್‌ಸಿಇ ಇದೆ. ಸಾಲಾಗಿ ಮೇಜುಗಳು, ಒಂದೊಂದರಲ್ಲಿ ಒಂದು ಕೆಲಸ, ಗಂಟೆ ಹೊಡೆದಾಗ ಮುಂದಿನದಕ್ಕೆ. ಎಲ್ಲರಿಗೂ ಅದೇ ಕೇಸು, ಅದೇ ಸಮಯ, ಅದೇ ಚೆಕ್‌ಲಿಸ್ಟ್. ಹಾಗಾಗಿ ಪರೀಕ್ಷಕರ ಮುಖ ನೋಡಿ ಮಾರ್ಕ್ಸ್ ಬೀಳುವುದು ಕಡಿಮೆ. ಚೆಕ್‌ಲಿಸ್ಟ್‌ನಲ್ಲಿ ಜೀವಕ್ಕೆ ಅಪಾಯ ತರುವ ಅಂಶವನ್ನು ಬೇರೆ ಗುರುತಿಸಿ. ನಗುಮುಖ, ನಮಸ್ಕಾರ ಎಲ್ಲ ಸರಿಯಿದ್ದು, ಡೋಸ್ ಹತ್ತು ಪಟ್ಟು ತಪ್ಪಿದವರು ಪಾಸಾಗಬಾರದು.

"ಇದರಿಂದ ಉಪಯೋಗ ಆಗುತ್ತೆ ಅಂತ ಪುರಾವೆ ಇದೆಯಾ?"

2011ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ 609 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಏನೂ ತರಬೇತಿ ಇಲ್ಲದಿರುವುದಕ್ಕೆ ಹೋಲಿಸಿದರೆ ಜ್ಞಾನ, ಕೌಶಲ, ನಡವಳಿಕೆ ಮೂರರಲ್ಲೂ ದೊಡ್ಡ ಲಾಭ ಕಂಡಿತು. ರೋಗಿಗಳ ಮೇಲಿನ ಪರಿಣಾಮ ಅಷ್ಟು ದೊಡ್ಡದಲ್ಲ, ಮಧ್ಯಮ. ಅದರಲ್ಲಿ ಬಹುಪಾಲು ಡಾಕ್ಟರುಗಳ ತರಬೇತಿ ಅನ್ನುವುದನ್ನು ಮರೆಯಬಾರದು. 2005ರ ಇನ್ನೊಂದು ಪರಿಶೀಲನೆಯಲ್ಲಿ ಕಲಿಕೆಗೆ ಎಲ್ಲಕ್ಕಿಂತ ಮುಖ್ಯ ಅಂತ ಕಂಡದ್ದು ಮಾಡಿದ ಕೆಲಸದ ಬಗ್ಗೆ ಸಿಗುವ ಹಿಮ್ಮಾಹಿತಿ (ಫೀಡ್‌ಬ್ಯಾಕ್). ಗೊಂಬೆಯ ಬೆಲೆ ಅಲ್ಲ ಅನ್ನುವುದು ನನ್ನ ಒತ್ತು.

"ಹಾಗಾದ್ರೆ ಇಂಟರ್ನ್‌ಶಿಪ್ ಬದಲು ಸಿಮ್ಯುಲೇಷನ್ನೇ ಮಾಡಿಸಿಬಿಡಬಹುದಾ?"

ಬೇಡ. ಅಮೆರಿಕದ ಫಾರ್ಮಸಿ ಶಿಕ್ಷಣದ ಮಾನ್ಯತಾ ಸಂಸ್ಥೆ 2016ರ ಮಾನದಂಡದಲ್ಲಿ, ಮೊದಲ ವರ್ಷಗಳ 300 ಗಂಟೆಯ ಪ್ರಾಯೋಗಿಕ ಅನುಭವದಲ್ಲಿ 60 ಗಂಟೆಯವರೆಗೆ ಮಾತ್ರ ಸಿಮ್ಯುಲೇಷನ್ ಒಪ್ಪಿತು. ನಮ್ಮ ಡಿ.ಫಾರ್ಮ್‌ನವರ 500 ಗಂಟೆ ತರಬೇತಿ, ಫಾರ್ಮ್.ಡಿ.ಯ ಆರನೇ ವರ್ಷದ ಇಂಟರ್ನ್‌ಶಿಪ್ ಇವೆರಡೂ ನಿಜವಾದ ಜಾಗದಲ್ಲೇ ಆಗಬೇಕು. ಸಿಮ್ಯುಲೇಷನ್ ಅದಕ್ಕೆ ಮುಂಚಿನ ತಯಾರಿ.

"ನಾನು ಮೆಡಿಕಲ್ ಶಾಪ್ ನಡೆಸ್ತೀನಿ. ನಮ್ಮ ಹುಡುಗರಿಗೆ ಅಂಗಡೀಲೇ ಮಾಡಿಸ್ಬಹುದಾ?"

ಧಾರಾಳವಾಗಿ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಹದಿನೈದು ನಿಮಿಷ ಸಾಕು. ಒಬ್ಬರು ಗಿರಾಕಿ, ಒಬ್ಬರು ಕೌಂಟರ್, ಒಬ್ಬರು ನೋಡುವವರು. ವಾರಕ್ಕೊಂದು ವಿಷಯ ಇಟ್ಟುಕೊಳ್ಳಿ. ಒಂದು ವಾರ ಮಕ್ಕಳ ಆಂಟಿಬಯೋಟಿಕ್ ಪುಡಿ ಬಾಟಲಿ: ಕುದಿಸಿ ಆರಿಸಿದ ನೀರು ಗುರುತಿನವರೆಗೆ ಹಾಕಿ ಅಲ್ಲಾಡಿಸಬೇಕು, ನೊರೆ ಇಳಿದಾಗ ಮಟ್ಟ ಕೆಳಗಿಳಿದರೆ ಮತ್ತೆ ಗುರುತಿನವರೆಗೆ ತುಂಬಬೇಕು, ಲೇಬಲ್‌ನಲ್ಲಿ ಹೇಳಿದ ದಿನಗಳಾದ ಮೇಲೆ ಉಳಿದದ್ದನ್ನು ಬಿಸಾಡಬೇಕು. ಇನ್ನೊಂದು ವಾರ ಹೆಸರು ಒಂದೇ ಥರ ಕೇಳುವ ಎರಡು ಔಷಧಿ.

ಮತ್ತೊಂದು ವಾರ, ಮಾತ್ರೆ ತಗೊಂಡು ಮೈಯೆಲ್ಲ ದದ್ದು ಬಂತು ಅಂತ ಬರುವ ಗಿರಾಕಿ. ಡಾಕ್ಟರ್ ಹತ್ತಿರ ಕಳಿಸುವುದು ಮೊದಲ ಕೆಲಸ. ಆಮೇಲೆ ಅದನ್ನು ವರದಿ ಮಾಡಬೇಕು. ಔಷಧಿಗಳ ಅಡ್ಡ ಪರಿಣಾಮಗಳ ಮೇಲೆ ಕಣ್ಣಿಡುವ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ವರದಿಯ ಫಾರಂ ಅನ್ನು ಹುಡುಗರ ಕೈಯಲ್ಲಿ ಒಂದು ಸಲ ಕಲ್ಪಿತ ಕೇಸಿಗೆ ತುಂಬಿಸಿ. ಔಷಧಿಯ ಬ್ಯಾಚ್ ನಂಬರ್, ಶುರುಮಾಡಿದ ದಿನ, ದದ್ದು ಬಂದ ದಿನ ಕೇಳಬೇಕು ಅಂತ ಆಗ ಗೊತ್ತಾಗುತ್ತದೆ. ಅಭ್ಯಾಸಕ್ಕೆ ತುಂಬಿದ ಫಾರಂ ಅನ್ನು ಮಾತ್ರ ಅಲ್ಲೇ ಹರಿದುಹಾಕಿ, ನಿಜವಾದ ವರದಿಗಳ ಜೊತೆ ಅದು ಸೇರಬಾರದು.